ಮಿಂಚಿನ ಅಳತೆ

ಛಾಯಾಚಿತ್ರಗಳನ್ನು ತೆಗೆಯುವುದು ನನ್ನ ವೃತ್ತಿಯಲ್ಲ. ಹುಡುಗರಿಗೆ ಪಾಠ ಹೇಳಿದ್ದು ವೃತ್ತಿ; ಕ್ಯಾಮೆರಾ ಹಿಡಿದದ್ದು ಚಟ. ಆದರೂ ನಂಟರಿಷ್ಟರ ಮನೆಗಳಲ್ಲಿ ಮದುವೆ ಮುಂಜಿಗಳಾದಾಗ, ‘ಹೇಗೂ ಇವನು ಬರುತ್ತಾನಷ್ಟೆ, ಬರುವಾಗ ಆ ಪೆಟ್ಟಿಗೆಯನ್ನೂ ತರಲಿ’ ಎಂದು ಹೇಳಿಕಳುಹಿಸುವುದು ನಲವತ್ತು ವರ್ಷಗಳಿಂದ ನಡೆದುಬಂದ ಪದ್ಧತಿ. ಹಾಗೆ ತೆಗೆದ ಚಿತ್ರಗಳಲ್ಲಿ ಒಳ್ಳೆಯವು ಯಾವುವೆಂದು ಕೇಳಿದರೆ ನಾನು ತಡವರಿಸಬೇಕಾದೀತು. ಕೆಟ್ಟದ್ದು ಯಾವುದೆಂದು ಕೇಳಿದರೆ ಮಾತ್ರ ಒಡನೆಯೇ ಹೇಳಬಲ್ಲೆನು. ಸೋಜಿಗವೇನೆಂದರೆ, ಆ ಚಿತ್ರವನ್ನು ನೋಡಿದವರೆಲ್ಲರೂ ಅದು ಬಹಳ ಚೆನ್ನಾಗಿದೆಯೆಂದೇ ಹೇಳಿದ್ದಾರೆ. ಅದು ಏಕೆ ಕೆಟ್ಟದ್ದೆಂಬುದು ವಾಚಕರಿಗೆ ತಿಳಿಯಬೇಕಾದರೆ ಫ್ಲಾಷ್ ದೀಪದ ವಿಷಯವಾಗಿ ನಾಲ್ಕು ಮಾತು ಹೇಳದೆ ನಿರ್ವಾಹವಿಲ್ಲ.

1982ನೆಯ ಇಸವಿಯ ವೈಶಾಖದಲ್ಲಿ ನನ್ನ ಅಕ್ಕನ ಮದುವೆ ನಿಶ್ಚಯವಾಯಿತು. ಮದುವೆ ನಡೆಯಬೇಕಾದುದು ತೀರ್ಥಹಳ್ಳಿಯ ಸೀಮೆಯಲ್ಲಿದ್ದ ನಮ್ಮ ಮನೆಯಲ್ಲಿಯೇ. ಮಲೆನಾಡಿನ ಹಳೆಯ ಮನೆಗಳನ್ನು ಕಂಡವರಿಗೆ ಅವುಗಳ ಒಳಗಿನ ಬೆಳಕನ್ನು ವರ್ಣಿಸಬೇಕಾದುದಿಲ್ಲ. ಮಳೆಗೆ ಹೆದರಿ ಕಟ್ಟಿದ ಮನೆಗಳವು: ಮಾಡು ತಗ್ಗು, ಕಿಟಕಿ ಕಿರಿದು, ಕಂಬ, ತೊಲೆ, ಅಟ್ಟದ ಹಲಗೆಗಳೆಲ್ಲ ತಲೆಮಾರುಗಳ ಹೊಗೆಯನ್ನು ಕುಡಿದು ಕಪ್ಪಾಗಿರುವುವು. ಅಂಗಳದಲ್ಲಿ ಕಣ್ಣು ಕೋರೈಸುವ ಬಿಸಿಲಿದ್ದರೂ ನಡುಮನೆಯಲ್ಲಿ ಸಂಜೆಯೇ. ಅಲ್ಲಿ ಧಾರೆಯ ಮಂಟಪ. ಅದರ ಹಿಂದೆ ಉದ್ದನೆಯ ಊಟದ ಮನೆ. ಅದರ ಕೊನೆಗೆ ಅಡಿಗೆಮನೆಯ ಬಾಗಿಲು. ಅಂಥ ಕತ್ತಲೆಯಲ್ಲಿ ಬರಿಯ ಕ್ಯಾಮೆರಾದಿಂದ ಆಗುವಂಥದೇನೂ ಇರಲಿಲ್ಲ. ನನಗೆ ಆಗ ತಾನೇ ಕೆಲಸ ಸಿಕ್ಕಿತ್ತು. ಮೂರು ತಿಂಗಳ ಸಂಬಳದಲ್ಲಿ ಉಳಿಸಿದ ಹಣವನ್ನು ಸುರಿದು ಒಂದು ಫ್ಲಾಷ್ ದೀಪವನ್ನು ಕೊಂಡು ತಂದೆನು.

ಅದು ಕ್ಯಾಮೆರಾದ ನೆತ್ತಿಯ ಮೇಲಣ ಗಾಡಿಯಲ್ಲಿ ಕೂಡುವ ಒಂದು ಪುಟ್ಟ ಪೆಟ್ಟಿಗೆ. ಒಳಗೆ ನಾಲ್ಕು ಸೆಲ್ಲು. ಗುಂಡಿಯನ್ನು ಸರಿಸಿದರೆ ಸೊಳ್ಳೆಯ ಹಾಡಿನಂಥ ಸಣ್ಣ ದನಿಯೊಂದು ಏರುತ್ತ ಏರುತ್ತ ಹೋಗಿ ಕಿವಿಗೆ ಕೇಳಿಸದಷ್ಟು ಮೇಲಕ್ಕೆ ಮುಟ್ಟುವುದು. ಆ ಹೊತ್ತಿಗೆ ಬೆನ್ನಿನಲ್ಲಿ ಒಂದು ಕೆಂಪು ದೀಪ ಹೊತ್ತಿಕೊಳ್ಳುವುದು. ಒಳಗಿನ ವಿದ್ಯುತ್ಸಂಚಯದಲ್ಲಿ ಶಕ್ತಿ ತುಂಬಿತೆಂಬುದಕ್ಕೆ ಅದು ಗುರುತು. ಆ ಶಕ್ತಿಯೆಲ್ಲ ಕ್ಸೆನಾನ್ ಎಂಬ ಅನಿಲವನ್ನು ತುಂಬಿದ ಗಾಜಿನ ಕೊಳವೆಯೊಳಗೆ ಒಮ್ಮೆಗೇ ಹರಿದು, ಸೆಕೆಂಡಿನ ಸಾವಿರದ ಒಂದು ಪಾಲು ಅಥವಾ ಅದಕ್ಕಿಂತಲೂ ಕಡಿಮೆ ಕಾಲದಲ್ಲಿ ಬೆಳಕಾಗಿ ಮುಗಿದುಹೋಗುತ್ತದೆ. ಇಲ್ಲಿಯೇ ಇದರ ಕಷ್ಟವಿರುವುದು. ಸೂರ್ಯನ ಬೆಳಕಾದರೆ ನಮ್ಮೆದುರಿಗೆ ನಿಂತಿರುತ್ತದೆ. ಸಾವಕಾಶವಾಗಿ ನೋಡಿ ಅಳೆಯಬಹುದು. ಇದು ಬರುವ ಮೊದಲು ಇಲ್ಲ. ಬಂದ ಮೇಲೂ ಇಲ್ಲ. ಕಾಣದ ಬೆಳಕನ್ನು ಅಳೆದು ಚಿತ್ರ ತೆಗೆಯಬೇಕು.

ನನಗೆ ಈ ಅಳತೆಯನ್ನು ಕಲಿಸಿದವರು ಪೇಟೆಯಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದ ಒಬ್ಬ ವೃದ್ಧರು. ಬಲ್ಬುಗಳ ಕಾಲದಲ್ಲಿ ಕಸುಬು ಕಲಿತವರು. ಒಂದು ಚಿತ್ರಕ್ಕೆ ಒಂದು ಬಲ್ಬು ಸುಟ್ಟು ಬೂದಿಯಾಗುತ್ತಿದ್ದುದರಿಂದ, ಗುಂಡಿ ಒತ್ತುವ ಮೊದಲು ಮೂರು ಸಲ ಯೋಚಿಸುವ ಸ್ವಭಾವ ಅವರಿಗೆ ಬಂದಿತ್ತು. ಅದಕ್ಕೂ ಹಿಂದಿನ ಕಥೆಯನ್ನು ಅವರು ತಮ್ಮ ಗುರುಗಳಿಂದ ಕೇಳಿದ್ದರು. ಜರ್ಮನಿಯಲ್ಲಿ ಮೀಥೆ ಮತ್ತು ಗೇಡಿಕೆ ಎಂಬಿಬ್ಬರು 1887ರಲ್ಲಿ ಮೆಗ್ನೀಸಿಯಂ ಪುಡಿಯನ್ನು ಬೇರೆ ರಾಸಾಯನಿಕಗಳೊಡನೆ ಬೆರಸಿ, ಬೆಂಕಿ ತಾಕಿದೊಡನೆ ಭುಗ್ಗೆಂದು ಉರಿದುಹೋಗುವ ಮಿಂಚುಪುಡಿಯನ್ನು ಮಾಡಿದರು. ಹೊಗೆ, ಬೂದಿ, ಸಿಡಿತ. ಕೈ ಸುಟ್ಟುಕೊಂಡವರಿಗೆ ಲೆಕ್ಕವಿಲ್ಲ. ಆದರೆ ಅದೇ ಪುಡಿಯನ್ನು ಹಿಡಿದು ಜೇಕಬ್ ರೀಸ್ ಎಂಬ ಪತ್ರಿಕಾಕರ್ತನು ನ್ಯೂಯಾರ್ಕಿನ ಬಡವರ ಕತ್ತಲೆಯ ಬಿಡಾರಗಳೊಳಕ್ಕೆ ಹೋಗಿ, ಸಿರಿವಂತರು ಎಂದೂ ಕಣ್ಣೆತ್ತಿ ನೋಡದಿದ್ದ ಮುಖಗಳನ್ನು 1890ರ ತನ್ನ ಪುಸ್ತಕದಲ್ಲಿ ಅವರ ಮುಂದಿಟ್ಟನು. 1929ರಲ್ಲಿ ಜರ್ಮನಿಯಲ್ಲಿಯೇ ಬಲ್ಬು ಬಂದಿತು. 1930ರ ದಶಕದಲ್ಲಿ ಅಮೆರಿಕೆಯ ಹೆರಾಲ್ಡ್ ಎಡ್ಜರ್ಟನ್ ಎಂಬ ವಿದ್ವಾಂಸನ ಪ್ರಯೋಗಗಳಿಂದ ಸುಡದೆ, ಹೊಗೆಯಾಡದೆ, ಮತ್ತೆ ಮತ್ತೆ ಮಿಂಚುವ ವಿದ್ಯುತ್ ಫ್ಲಾಷ್ ಬಳಕೆಗೆ ಬಂದಿತು. ‘ಪುಡಿಯಿಂದ ಪೆಟ್ಟಿಗೆಯವರೆಗೆ ಎಲ್ಲವೂ ಬದಲಾಯಿತು, ಮಾರಾಯರೆ, ಲೆಕ್ಕ ಮಾತ್ರ ಬದಲಾಗಿಲ್ಲ’ ಎಂದು ಹೇಳಿ ಅವರು ನನ್ನ ಫ್ಲಾಷನ್ನು ತಿರುಗಿಸಿ ನೋಡಿ, ‘ನಿಮ್ಮದು ಇಪ್ಪತ್ತೆಂಟು’ ಎಂದರು.

ಇಪ್ಪತ್ತೆಂಟು ಎಂಬುದು ಆ ದೀಪದ ಗೈಡ್ ನಂಬರು. ಪ್ರತಿಯೊಂದು ಫ್ಲಾಷಿಗೂ ಹೀಗೆ ಒಂದು ಅಂಕೆಯುಂಟು. 100 ವೇಗದ ಫಿಲಂ ಹಾಕಿದ್ದರೆ ಅದರ ಬಲವೆಷ್ಟೆಂಬುದನ್ನು ಅದು ಹೇಳುತ್ತದೆ. ಆ ಅಂಕೆಯನ್ನು ಚಿತ್ರಿಸಬೇಕಾದವರು ನಿಂತಿರುವ ದೂರದಿಂದ, ಮೀಟರುಗಳಲ್ಲಿ, ಭಾಗಿಸಿದರೆ ಮಸೂರದ ಕಿಂಡಿಯನ್ನು ಎಷ್ಟಕ್ಕೆ ಇಡಬೇಕೆಂಬುದು ಬರುತ್ತದೆ. ಎರಡೂವರೆ ಮೀಟರಿಗೆ ಎಫ್ 11. ಮೂರೂವರೆಗೆ ಎಫ್ 8. ಏಳಕ್ಕೆ ಎಫ್ 4. ಅಂಕೆ ಕಿರಿದಾದಷ್ಟೂ ಕಿಂಡಿ ಹಿರಿದು. ವೃದ್ಧರು ಇನ್ನೆರಡು ಎಚ್ಚರಿಕೆಗಳನ್ನೂ ಕೊಟ್ಟರು. ಶಟರನ್ನು ಅರುವತ್ತರಲ್ಲಿ ಒಂದು ಸೆಕೆಂಡಿಗಿಂತ ವೇಗವಾಗಿ ಓಡಿಸಕೂಡದು. ಓಡಿಸಿದರೆ ನನ್ನ ಕ್ಯಾಮೆರಾದ ಪರದೆ ಪೂರ್ತಿ ತೆರೆದಿರದ ಹೊತ್ತಿನಲ್ಲಿ ಮಿಂಚು ಹೊಡೆದು ಅರ್ಧ ಚಿತ್ರ ಕಪ್ಪಾಗುವುದು. ಮತ್ತು, ಕೆಂಪು ದೀಪ ಹೊತ್ತಿದ ಕೂಡಲೇ ಒತ್ತಬಾರದು. ಶಕ್ತಿ ಪೂರ್ತಿ ತುಂಬುವ ಮೊದಲೇ ಅದು ಹೊತ್ತಿಕೊಳ್ಳುವುದುಂಟು. ‘ದೀಪ ಕಂಡ ಮೇಲೆ ಹತ್ತು ಎಣಿಸಿ.’

ಈಗ ನಮ್ಮ ದೊಡ್ಡಮ್ಮನ ವಿಷಯ ಹೇಳಬೇಕು. ದೊಡ್ಡಪ್ಪನವರು ತೀರಿಕೊಂಡಾಗ ಆಕೆಗೆ ಇನ್ನೂ ಮೂವತ್ತು ತುಂಬಿರಲಿಲ್ಲ, ಮಕ್ಕಳಿರಲಿಲ್ಲ. ಕೆಲವು ವರ್ಷಗಳಲ್ಲಿ ನಮ್ಮ ತಾಯಿಯೂ ಹೋದಳು. ನನ್ನನ್ನೂ ಅಕ್ಕನನ್ನೂ ಎತ್ತಿ ಆಡಿಸಿದವಳು, ಜ್ವರ ಬಂದಾಗ ರಾತ್ರಿಯೆಲ್ಲ ಕುಳಿತವಳು, ಅಕ್ಕನ ತಲೆ ಬಾಚಿ ಹೂ ಮುಡಿಸಿದವಳು ಈ ದೊಡ್ಡಮ್ಮ. ಅಕ್ಕನ ಮದುವೆಗೆ ಹಪ್ಪಳ ಸಂಡಿಗೆಗಳಿಂದ ಮೊದಲುಗೊಂಡು ಬೀಗರ ಬಿಸಿನೀರಿನವರೆಗೆ ಎಲ್ಲದರ ಭಾರವನ್ನು ಹೊತ್ತವಳೂ ಆಕೆಯೇ. ಧಾರೆಯ ಮುಹೂರ್ತದಲ್ಲಿ ಮಾತ್ರ ಆಕೆ ಮಂಟಪದ ಬಳಿಗೆ ಬರುವಂತಿರಲಿಲ್ಲ. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ; ಹೇಳಬೇಕಾದ ಆವಶ್ಯಕತೆಯೂ ಇರಲಿಲ್ಲ. ವಿಧವೆಯಾದವಳು ಮಂಗಳಕಾರ್ಯದಲ್ಲಿ ಎಲ್ಲಿ ನಿಲ್ಲಬೇಕೆಂಬುದು ನಮ್ಮ ಮನೆಯ ಗೋಡೆಗಳಿಗೂ ಗೊತ್ತಿದ್ದ ವಿಷಯ. ಆಕೆ ಅಡಿಗೆಮನೆಯ ಬಾಗಿಲಲ್ಲಿ ನಿಂತಳು.

ಧಾರೆಯಾಯಿತು. ವಧೂವರರನ್ನು ನಿಲ್ಲಿಸಿ, ಸುತ್ತಲೂ ಬಂಧುಗಳನ್ನು ಕೂಡಿಸಿ, ನಾನು ಎರಡೂವರೆ ಮೀಟರನ್ನು ಹೆಜ್ಜೆಯಿಂದ ಅಳೆದು ಕಿಂಡಿಯನ್ನು ಎಫ್ 11ಕ್ಕೆ ಇಟ್ಟೆನು. ಕೆಂಪು ದೀಪ ಹೊತ್ತಿತು. ನಾನು ಎಣಿಸತೊಡಗಿದೆನು. ಆರೋ ಏಳೋ ಆಗಿದ್ದಾಗ ಎಲ್ಲರ ತಲೆಗಳಾಚೆಯಿಂದ ದೊಡ್ಡಮ್ಮನ ಮೆಲ್ಲನೆಯ ದನಿ ಕೇಳಿಸಿತು:

‘ಇಲ್ಲಿ ನಿಂತರೆ ನಾನೂ ಕಾಣುತ್ತೇನೇನೋ, ಮಗು?’

ನಾನು ಕಿಂಡಿಯಲ್ಲಿ ಕಣ್ಣಿಟ್ಟು ನೋಡಿದೆನು. ವರನ ಪೇಟಕ್ಕೂ ಸೋದರಮಾವನ ಹೆಗಲಿಗೂ ನಡುವೆ, ಮಾಸಲು ಬಿಳಿಯ ಸೀರೆಯುಟ್ಟ ಆಕೆ, ಒಲೆಯ ಬೆಳಕನ್ನು ಬೆನ್ನಿಗಿಟ್ಟುಕೊಂಡು, ಬಾಗಿಲವಾಡವನ್ನು ಒಂದು ಕೈಯಿಂದ ಹಿಡಿದು ನಿಂತಿದ್ದುದು ಸ್ಪಷ್ಟವಾಗಿ ಕಂಡಿತು. ಮುಖದಲ್ಲಿ ಸಣ್ಣ ನಗುವೂ ಇತ್ತು.

‘ಕಾಣುತ್ತೀಯ, ದೊಡ್ಡಮ್ಮ. ಚೆನ್ನಾಗಿ ಕಾಣುತ್ತೀಯ’ ಎಂದೆನು. ಹತ್ತು ಎಣಿಸಿ ಒತ್ತಿದೆನು.

ಫಿಲಮನ್ನು ತೊಳೆದು ಪ್ರತಿ ತೆಗೆದಾಗ ವಧೂವರರು ಬಹಳ ಚೆನ್ನಾಗಿ ಬಂದಿದ್ದರು. ಅಕ್ಕನ ಕಾಲುಂಗುರದಿಂದ ಬಾಸಿಂಗದ ಎಳೆಯವರೆಗೆ ಪ್ರತಿಯೊಂದೂ ಎಣಿಸುವಂತಿತ್ತು. ಹಿಂದೆ ನಿಂತ ಸೋದರಮಾವಂದಿರು ಸ್ವಲ್ಪ ಮಬ್ಬು. ಅವರ ಹಿಂದೆ ಕತ್ತಲೆ. ನಾನು ಆ ಪ್ರತಿಯನ್ನು ಕಿಟಕಿಯ ಬಳಿಗೆ ಒಯ್ದು ನೋಡಿದೆನು. ಬಾಗಿಲಿರಬೇಕಾದ ಎಡೆಯಲ್ಲಿ ಸೀರೆಯ ಅಂಚಿನದೊಂದು ಬೂದುಬಣ್ಣದ ಗೆರೆ. ಬಾಗಿಲವಾಡದ ಮೇಲೆ ನಾಲ್ಕು ಬೆರಳುಗಳ ಸುಳಿವು. ಮುಖವಿರಲಿಲ್ಲ.

ಸ್ಟುಡಿಯೋದ ವೃದ್ಧರು ಆ ನೆಗಟಿವನ್ನು ಹಿಗ್ಗಿಸುವ ಯಂತ್ರದಲ್ಲಿಟ್ಟು, ಆ ಮೂಲೆಗೆ ಬೆಳಕು ಬೀಳದಂತೆ ಕೈಯನ್ನು ಅಡ್ಡ ಹಿಡಿದು ತಿಳಿಯಾಗಿಸಲು ನನ್ನ ಸಲುವಾಗಿ ಒಂದು ಸಂಜೆಯೆಲ್ಲ ಹೆಣಗಿದರು. ಕೊನೆಗೆ ಕೈ ಒರಸಿಕೊಂಡು, ‘ಫಿಲಮಿನಲ್ಲಿ ಇದ್ದುದನ್ನು ಕಾಗದಕ್ಕೆ ತರಬಲ್ಲೆ. ಇಲ್ಲದ್ದನ್ನು ಎಲ್ಲಿಂದ ತರಲಿ?’ ಎಂದರು. ನಾನು ಅಳತೆ ತಪ್ಪಿದೆನೆ ಎಂದು ಕೇಳಿದೆನು. ‘ಅಳತೆ ಸರಿಯಾಗಿದೆ. ಆಕೆಯನ್ನು ಅಳೆದಿಲ್ಲ, ಅಷ್ಟೆ’ ಎಂದರು. ಆಮೇಲೆ ಒಂದು ದೋಸೆಯ ದೃಷ್ಟಾಂತವನ್ನು ಹೇಳಿದರು. ಒಂದು ಸೌಟು ಹಿಟ್ಟನ್ನು ಗೇಣಗಲಕ್ಕೆ ಹುಯ್ದರೆ ದೋಸೆ ದಪ್ಪನಾಗಿರುತ್ತದೆ. ಅದೇ ಸೌಟು ಹಿಟ್ಟನ್ನು ಎರಡು ಗೇಣು ಅಗಲಕ್ಕೆ ಎಳೆದರೆ ಅದು ಕಾಲುಭಾಗ ತೆಳ್ಳಗಾಗುತ್ತದೆಯೆಂದು ಭಾವಿಸಬೇಡಿ. ದಪ್ಪದಲ್ಲಿ ಕಾಲುಭಾಗ ಮಾತ್ರ ಉಳಿಯುತ್ತದೆ. ಮೂರು ಗೇಣಿಗೆ ಎಳೆದರೆ ಒಂಬತ್ತರಲ್ಲಿ ಒಂದು ಪಾಲು. ಫ್ಲಾಷಿನ ಬೆಳಕು ಹೋಗುತ್ತ ಹೋಗುತ್ತ ಹರಡುವುದೂ ಹೀಗೆಯೇ. ವಧೂವರರು ಎರಡೂವರೆ ಮೀಟರಿನಲ್ಲಿದ್ದರು, ದೊಡ್ಡಮ್ಮ ಏಳೂವರೆಯಲ್ಲಿ. ಮೂರರಷ್ಟು ದೂರ, ಒಂಬತ್ತನೆಯ ಒಂದು ಪಾಲು ಬೆಳಕು. ಎಫ್ 11ರ ಸಣ್ಣ ಕಿಂಡಿಯ ಮೂಲಕ ಅಷ್ಟು ಬೆಳಕಿಗೆ ಫಿಲಮು ಕಣ್ಣು ತೆರೆಯಲಿಲ್ಲ. ಆಕೆಯ ಹಿಂದೆ ಉರಿಯುತ್ತಿದ್ದ ಒಲೆಯ ಬೆಳಕಿಗಂತೂ ಅರುವತ್ತರ ಒಂದು ಸೆಕೆಂಡು ಏನೂ ಸಾಲದು.

ನನ್ನ ಕಣ್ಣಿಗೆ ಕಂಡಿದ್ದಳಲ್ಲ? ಅದೇ ನನ್ನನ್ನು ಮೋಸಗೊಳಿಸಿದ್ದು. ಕಣ್ಣು ಕತ್ತಲೆಗೆ ಹೊಂದಿಕೊಳ್ಳುತ್ತದೆ. ಮನಸ್ಸು ಬಲ್ಲ ಮುಖವನ್ನು ತಾನೇ ತುಂಬಿಕೊಳ್ಳುತ್ತದೆ. ಮಿಂಚಿಗೆ ಯಾರ ಗುರುತೂ ಇಲ್ಲ. ಅದಕ್ಕೆ ಗೊತ್ತಿರುವುದು ದೂರವೊಂದೇ. ಆ ದೂರವನ್ನು ಗೊತ್ತುಮಾಡಿದವರು ನಾವು.

ಚಿತ್ರವನ್ನು ಊರಿಗೆ ತೆಗೆದುಕೊಂಡು ಹೋದಾಗ ದೊಡ್ಡಮ್ಮ ಕೈ ಒರಸಿಕೊಂಡು ಬಂದು, ಕನ್ನಡಕ ಹಾಕಿಕೊಂಡು, ಬಾಗಿಲ ಬೆಳಕಿಗೆ ಅದನ್ನು ಹಿಡಿದು ಬಹಳ ಹೊತ್ತು ನೋಡಿದಳು. ಆಕೆಯ ಕಣ್ಣು ಏನನ್ನು ಹುಡುಕುತ್ತಿತ್ತೆಂಬುದನ್ನು ನಾನು ಬಲ್ಲೆನಾದುದರಿಂದ ಅಂಗಳದ ಕಡೆಗೆ ತಿರುಗಿ ನಿಂತೆನು. ‘ಮಕ್ಕಳು ಲಕ್ಷಣವಾಗಿ ಬಂದಿದ್ದಾರೆ. ಅಷ್ಟು ಸಾಕಪ್ಪ’ ಎಂದಳು. ಆ ಕ್ಷಣದಲ್ಲಿಯೇ ಆಕೆಯನ್ನು ಜಗಲಿಗೆ ಕರೆತಂದು, ಹಗಲ ಬೆಳಕಿನಲ್ಲಿ ಕೂರಿಸಿ, ಒಂದು ಚಿತ್ರ ತೆಗೆಯಬಹುದಾಗಿತ್ತು. ಫಿಲಮು ಮುಗಿದಿತ್ತು. ಮುಂದಿನ ಸಲವೆಂದುಕೊಂಡೆನು. ಮುಂದಿನ ಸಲ ಬೇರೇನೋ ಅವಸರ. ಹೀಗೆ ಮೂರು ವರ್ಷಗಳು ಕಳೆದುವು. 1985ರ ಮಳೆಗಾಲದಲ್ಲಿ ದೊಡ್ಡಮ್ಮ ತೀರಿಕೊಂಡಳು. ಆಕೆಯದೆಂದು ಹೇಳಬಹುದಾದ ಛಾಯಾಚಿತ್ರ ನಮ್ಮಲ್ಲಿ ಅದೊಂದೇ: ಒಂದು ಅಂಚು, ನಾಲ್ಕು ಬೆರಳು. ಮಿಂಚಿನ ನಿಯಮದ ಮೇಲೆ ಒಂದು ಸಂಜೆಯ ತಪ್ಪನ್ನು ಹೊರಿಸಬಹುದು. ಮೂರು ವರ್ಷಗಳ ತಪ್ಪನ್ನು ಹೊರಿಸಲಾಗದು.

ಆಮೇಲೆ ನಾನು ಈ ವಿದ್ಯೆಯನ್ನು ಹಟ ಹಿಡಿದು ಕಲಿತೆನು. ಫ್ಲಾಷನ್ನು ಅಳೆಯುವ ದಾರಿಗಳು ಒಂದೆರಡಲ್ಲ. ನನ್ನ ಹಳೆಯ ದೀಪದ ಎದೆಯಲ್ಲಿಯೇ ಒಂದು ಸಣ್ಣ ಕಣ್ಣಿತ್ತು. ಎದುರಿಗಿದ್ದವರಿಂದ ಹಿಂತಿರುಗಿದ ಬೆಳಕು ಸಾಕಾಯಿತೆಂದು ತೋರಿದೊಡನೆ ಅದು ಮಿಂಚನ್ನು ನಡುವೆಯೇ ಕಡಿದುಬಿಡುತ್ತಿತ್ತು. 1975ರಲ್ಲಿ ಬಂದ ಒಲಿಂಪಸ್ ಓಎಂ-2 ಎಂಬ ಕ್ಯಾಮೆರಾ ಇನ್ನೂ ಮುಂದೆ ಹೋಗಿ, ಮಸೂರದೊಳಗೆ ಬಂದು ಫಿಲಮಿನ ಮೇಲೆ ಬಿದ್ದ ಬೆಳಕನ್ನೇ ಅಳೆಯಿತು. ಈಗಿನ ಡಿಜಿಟಲ್ ಕ್ಯಾಮೆರಾಗಳು ಶಟರು ತೆರೆಯುವ ಮೊದಲು ಒಂದು ಸಣ್ಣ ಮಿಂಚನ್ನು ಮುಂದೂತನಂತೆ ಕಳುಹಿಸಿ, ಅದು ತಂದ ವರ್ತಮಾನವನ್ನು ಕೇಳಿಕೊಂಡು ದೊಡ್ಡ ಮಿಂಚನ್ನು ಹೊಡೆಯುತ್ತವೆ. ಇವೆಲ್ಲ ಜಾಣ ಯಂತ್ರಗಳೇ. ಆದರೆ ಎಲ್ಲಕ್ಕೂ ಒಂದೇ ಕುರುಡು: ಹಿಂತಿರುಗಿದ ಬೆಳಕನ್ನು ನೋಡಿ ಇವು ಲೋಕವೆಲ್ಲ ನಡುವಣ ಬೂದುಬಣ್ಣದ್ದೆಂದು, ಬಿದ್ದ ಬೆಳಕಿನಲ್ಲಿ ನೂರಕ್ಕೆ ಹದಿನೆಂಟರಷ್ಟನ್ನು ಹಿಂದಕ್ಕೆ ಕೊಡುವಂಥದೆಂದು ಸುಮಾರಾಗಿ ನಂಬಿರುತ್ತವೆ. ನಮ್ಮ ಸಮಾರಂಭಗಳಲ್ಲಿ ಮುಂದಿನ ಸಾಲಿನಲ್ಲಿ ಕೂಡುವವರು ಯಾರು? ಬೆಳ್ಳಗೆ ಒಗೆದ ಪಂಚೆ ಶಲ್ಯಗಳ ಹಿರಿಯರು. ಆ ಬಿಳುಪನ್ನು ಕಂಡು ಯಂತ್ರವು ಬೆಳಕು ಹೆಚ್ಚಾಯಿತೆಂದು ಬೆದರಿ ಮಿಂಚನ್ನು ತಗ್ಗಿಸುತ್ತದೆ. ಪಂಚೆ ಬೂದುಬಣ್ಣಕ್ಕೆ ಇಳಿಯುತ್ತದೆ. ಪಂಚೆಯುಟ್ಟವರ, ಅವರ ಪಕ್ಕದವರ ಕಂದುಬಣ್ಣದ ಮುಖಗಳು ಮಸಿಯಾಗುತ್ತವೆ. ಅಂಥಲ್ಲಿ ಯಂತ್ರದ ಮಾತನ್ನು ಮೀರಿ ಒಂದು ಸ್ಟಾಪು, ಒಮ್ಮೊಮ್ಮೆ ಒಂದೂವರೆ ಸ್ಟಾಪು ಹೆಚ್ಚು ಬೆಳಕನ್ನು ನಾವೇ ಕೊಡಬೇಕು.

ಇದಕ್ಕಿಂತ ನೆಚ್ಚಿಕೆಯ ದಾರಿಯೆಂದರೆ ಕೈಯಲ್ಲಿ ಹಿಡಿಯುವ ಫ್ಲಾಷ್ ಮೀಟರು. ಅದರ ತಲೆಯ ಮೇಲೆ ಅರ್ಧ ನಿಂಬೆಹಣ್ಣಿನಂಥ ಬಿಳಿಯ ಗುಮ್ಮಟವಿದೆ. ಚಿತ್ರಿಸಬೇಕಾದವರ ಮುಖದ ಬಳಿ ಅದನ್ನು ಹಿಡಿದು ಮಿಂಚು ಹೊಡೆಸಿದರೆ, ಅಲ್ಲಿಗೆ ಬಂದು ಬಿದ್ದ ಬೆಳಕು ಎಷ್ಟೆಂಬುದನ್ನು ಅದು ಹೇಳುತ್ತದೆ. ಪಂಚೆ ಬಿಳಿದೋ ಮುಖ ಕಪ್ಪೋ ಎಂಬುದು ಅದಕ್ಕೆ ಬೇಡ. ‘ಬೆಳಕು ಕೊಟ್ಟವನನ್ನು ಕೇಳಬೇಡಿ, ಪಡೆದವನನ್ನು ಕೇಳಿ’ ಎಂದು ವೃದ್ಧರು ಹೇಳುತ್ತಿದ್ದುದು ಇದನ್ನೇ. ಆದರೆ ಈ ಮೀಟರಿನಲ್ಲಿ ಒಂದು ಗುಣವಿದೆ. ದೂರದಲ್ಲಿ ನಿಂತು ಅದನ್ನು ಬಳಸುವಂತಿಲ್ಲ. ಯಾರನ್ನು ಅಳೆಯಬೇಕೋ ಅವರ ಬಳಿಗೆ ಎದ್ದು ಹೋಗಬೇಕು.

ಬೆಳಕನ್ನು ನೇರವಾಗಿ ಮುಖಕ್ಕೆ ಹೊಡೆಯದೆ ಸುಣ್ಣ ಬಳಿದ ತಾರಸಿಯ ಕಡೆಗೆ ತಿರುಗಿಸಿದರೆ ಅದು ಅಲ್ಲಿಂದ ಇಳಿದು ಮುಂದಿನವರಿಗೂ ಹಿಂದಿನವರಿಗೂ ಹೆಚ್ಚು ಸಮವಾಗಿ ಹಂಚಿಹೋಗುವುದೆಂಬುದನ್ನೂ ಕಲಿತೆನು. ನಮ್ಮ ಮನೆಯ ಕರಿಯ ಅಟ್ಟ ಬೆಳಕನ್ನು ನುಂಗುವುದೇ ಹೊರತು ಹಿಂದಕ್ಕೆ ಕೊಡುವಂಥದಲ್ಲ. ಅಲ್ಲಿ ಹಗ್ಗ ಕಟ್ಟಿ ಒಂದು ಬಿಳಿಯ ಪಂಚೆಯನ್ನು ಹರವಿ ಅದಕ್ಕೆ ಮಿಂಚು ಹೊಡೆಯುವ ಉಪಾಯವನ್ನು ಕಂಡುಕೊಂಡೆನು. ಶಟರನ್ನು ಮೂವತ್ತರ ಒಂದಕ್ಕೋ ಹದಿನೈದರ ಒಂದಕ್ಕೋ ಇಳಿಸಿ, ಕಿಂಡಿಯನ್ನು ಹಿಗ್ಗಿಸಿದರೆ, ಮಿಂಚು ತನ್ನ ಕೆಲಸವನ್ನು ಮುಗಿಸಿದ ಮೇಲೂ ಮನೆಯ ಸಹಜವಾದ ಬೆಳಕು ಮೆಲ್ಲನೆ ಒಳಗೆ ಬರುತ್ತದೆ. ಒಲೆಯ ಕೆಂಪು ಕೂಡ.

ಇಷ್ಟೆಲ್ಲ ಕಲಿತು ಮುಗಿಯುವ ಹೊತ್ತಿಗೆ 2014 ಬಂದಿತು. ಅಕ್ಕನ ಮಗಳ ಮದುವೆ. ಭಾವನವರು ಹೋಗಿ ಐದು ವರ್ಷಗಳಾಗಿದ್ದುವು. ‘ಅಮ್ಮನ ಮದುವೆಯಾದ ಕಡೆಯೇ ನನ್ನ ಮದುವೆಯೂ ಆಗಬೇಕು, ಮಾವ’ ಎಂದು ಹುಡುಗಿ ಹಟ ಹಿಡಿದುದರಿಂದ ಅದೇ ಮನೆಯ ಅದೇ ನಡುಮನೆಯಲ್ಲಿ ಮಂಟಪವೆದ್ದಿತು. ಹಿಂದಿನ ದಿನ ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನು ಪಂಚೆಯನ್ನು ಹರವಿ ದೀಪವನ್ನು ಸಜ್ಜುಗೊಳಿಸಿದೆನು. ಬಳಿಕ ಅಡಿಗೆಮನೆಯ ಬಾಗಿಲಿಗೆ ಹೋಗಿ, ಪಕ್ಕದ ಕಂಬದ ಮರೆಯಲ್ಲಿ ಎರಡನೆಯ ಫ್ಲಾಷೊಂದನ್ನು ಕಟ್ಟಿದೆನು; ಮೊದಲನೆಯದರ ಮಿಂಚನ್ನು ಕಂಡೊಡನೆ ತಾನೂ ಮಿಂಚುವಂಥದು ಅದು. ಮಂಟಪದಲ್ಲಿ ಮೀಟರು ಹಿಡಿದು ನೋಡಿದೆನು: ಎಫ್ 5.6. ಬಾಗಿಲಿನಲ್ಲಿ, ಒಬ್ಬ ಹೆಂಗಸಿನ ಮುಖದ ಎತ್ತರಕ್ಕೆ ಹಿಡಿದು ನೋಡಿದೆನು: ಎಫ್ 5.6. ಆ ಅಂಕೆಯನ್ನು ನೋಡುತ್ತ ಸ್ವಲ್ಪ ಹೊತ್ತು ಅಲ್ಲಿಯೇ ನಿಂತಿದ್ದೆನು.

ಮರುದಿನ ಧಾರೆ ಮುಗಿದು ಎಲ್ಲರೂ ಚಿತ್ರಕ್ಕೆ ನಿಂತರು. ಅಕ್ಕ ಯಾರ ಕಣ್ಣಿಗೂ ಬೀಳದಂತೆ ಹಿಂದಕ್ಕೆ ಸರಿದು, ಊಟದ ಮನೆಯನ್ನು ದಾಟಿ, ಅಡಿಗೆಮನೆಯ ಬಾಗಿಲಲ್ಲಿ ಹೋಗಿ ನಿಂತಳು. ನಾನು ನಿರೀಕ್ಷಿಸಿದ್ದುದೂ ಅದನ್ನೇ; ನನ್ನ ದೀಪ ಕಾದಿದ್ದುದೂ ಅದಕ್ಕಾಗಿಯೇ. ಬಾಗಿಲವಾಡವನ್ನು ಹಿಡಿದಿದ್ದ ಆ ಕೈಯನ್ನು ಕಂಡಾಗ ಮಾತ್ರ ನನ್ನ ಲೆಕ್ಕವೆಲ್ಲ ನನಗೆ ಹೇಸಿಗೆಯಾಯಿತು. ಆಕೆ ಅಲ್ಲಿ ನಿಲ್ಲುವಳೆಂದು ಒಪ್ಪಿಕೊಂಡು ನಾನು ದೀಪ ಕಟ್ಟಿದ್ದೆನಲ್ಲ!

‘ಅಕ್ಕ, ಅಲ್ಲಿ ಬೆಳಕು ಸಾಲದು. ಮುಂದೆ ಬಾ’ ಎಂದೆನು.

‘ಇರಲಿ ಬಿಡೋ, ನೀನು ತೆಗೆ’ ಎಂದಳು ಆಕೆ.

‘ಅಲ್ಲಿ ನಿಂತರೆ ಕಾಣುವುದಿಲ್ಲ’ ಎಂದೆನು.

ಹಿರಿಯರೊಬ್ಬರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಹುಡುಗಿ ಬಾಸಿಂಗ ಕಟ್ಟಿಕೊಂಡೇ ಹಿಂದಕ್ಕೆ ನಡೆದು, ತಾಯಿಯ ಕೈ ಹಿಡಿದು ಕರೆದುಕೊಂಡು ಬಂದು, ತನ್ನ ಮಗ್ಗುಲಲ್ಲಿ ನಿಲ್ಲಿಸಿಕೊಂಡಳು. ಯಾರೂ ಏನೂ ಅನ್ನಲಿಲ್ಲ. ಈಗಿನ ದೀಪಗಳಿಗೆ ಅಗತ್ಯವಿಲ್ಲದಿದ್ದರೂ ನಾನು ಹತ್ತು ಎಣಿಸಿ ಒತ್ತಿದೆನು.

1982ರಲ್ಲಿ ನಾನು ದೊಡ್ಡಮ್ಮನಿಗೆ ಹೇಳಿದ್ದು ಸುಳ್ಳಾಯಿತು. ಆದರೆ ಹೇಳುವಾಗ ನಿಜವೆಂದು ನಂಬಿದ್ದೆನು. 2014ರಲ್ಲಿ ಅಕ್ಕನಿಗೆ ಹೇಳಿದ್ದು ತಿಳಿದು ತಿಳಿದು ಹೇಳಿದ ಸುಳ್ಳು. ಅಳತೆ ನನ್ನ ಜೇಬಿನಲ್ಲಿಯೇ ಇತ್ತು.

ಆ ಚಿತ್ರ ಈಗ ನನ್ನ ಮೇಜಿನ ಮೇಲಿದೆ. ಅಕ್ಕನ ಮುಖ ಮಗಳ ಮುಖದಷ್ಟೇ ಬೆಳಗಿದೆ. ಅವರಿಬ್ಬರ ಹಿಂದೆ, ಬಲು ದೂರದಲ್ಲಿ, ಅಡಿಗೆಮನೆಯ ಬಾಗಿಲೂ ಕಾಣುತ್ತದೆ: ಹೊಸ್ತಿಲ ಮೇಲಣ ರಂಗೋಲಿಯ ಎಳೆ, ಬಾಗಿಲವಾಡದ ಕೆತ್ತನೆ, ಕೈಯಾಡಿ ಕೈಯಾಡಿ ನುಣುಪಾದ ಒಂದು ಎಡೆ, ಒಳಗಿನ ಒಲೆಯ ಕೆಂಪು, ಎಲ್ಲವೂ ಸ್ಪಷ್ಟವಾಗಿ ಬಂದಿವೆ. ಅಲ್ಲಿ ಯಾರೂ ಇಲ್ಲ. ನೋಡಿದವರು, ‘ಯಾರೂ ಇಲ್ಲದ ಬಾಗಿಲಿಗೆ ಇಷ್ಟೊಂದು ಬೆಳಕೇಕೆ?’ ಎಂದು ಕೇಳುವುದುಂಟು. ಅಳತೆಯಲ್ಲಿ ಸ್ವಲ್ಪ ತಪ್ಪಿತೆಂದು ಹೇಳಿ ಸುಮ್ಮನಾಗುತ್ತೇನೆ.